ಡೀಸೆಲ್ ತೆಗೊಳ್ಳುದಾ ಬೇಡ್ವಾ? ಮಂಗಳೂರು–ಉಡುಪಿಯವರು ಕಾರು ಆರಿಸುವ ಮೊದಲು

ಭಾವ ಫೋನ್ ಮಾಡಿದ್ದು ಬೆಳಿಗ್ಗೆ ಏಳೂವರೆಗೆ. "ಡ್ಯಾಶ್‌ಬೋರ್ಡಲ್ಲಿ ಪುನಃ ಆ ಹಳದಿ ಲೈಟು ಬಂತು ಮಾರಾಯ. ಸೈಲೆನ್ಸರಿನ ಚಿತ್ರ, ಅದರೊಳಗೆ ಚುಕ್ಕಿ ಚುಕ್ಕಿ. ಹೋದ ಸಲ ಸರ್ವೀಸಿನವರು ಕಂಪ್ಯೂಟರ್ ಹಾಕಿ ಕ್ಲೀನ್ ಮಾಡಿ ಕೊಟ್ಟದ್ದು ಮೂರು ತಿಂಗಳು ಬರ್ಲಿಲ್ಲ. ಈಗ ಫಿಲ್ಟರೇ ಬದಲಾಯಿಸ್ಬೇಕಾದೀತು ಅಂತಿದ್ದಾರೆ."

ಭಾವನ ಮನೆ ಕದ್ರಿಯಲ್ಲಿ, ಆಫೀಸು ಹಂಪನಕಟ್ಟೆಯಲ್ಲಿ. ನಡುವೆ ಮಗಳನ್ನು ಬಿಜೈಯಲ್ಲಿ ಶಾಲೆಗೆ ಬಿಡುವುದು. ಎಲ್ಲ ಸೇರಿ ದಿನಕ್ಕೆ ಹತ್ತು ಕಿಲೋಮೀಟರ್ ಆದರೆ ಹೆಚ್ಚು. 2021ರಲ್ಲಿ ಡೀಸೆಲ್ ಎಸ್‌ಯುವಿ ತೆಗೆದುಕೊಂಡದ್ದು ಯಾಕೆ ಅಂದರೆ, ಹಿಂದೆ ಇದ್ದದ್ದೂ ಡೀಸೆಲ್, ಅದಕ್ಕೂ ಹಿಂದೆ ದೊಡ್ಡಪ್ಪನ ಅಂಬಾಸಿಡರೂ ಡೀಸೆಲ್. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಾರು ಆರಿಸುವ ಲೆಕ್ಕ ಇಷ್ಟೇ.

ಭಾನುವಾರ ನಾನೇ ಸ್ಟಿಯರಿಂಗ್ ಹಿಡಿದೆ, ಭಾವ ಪಕ್ಕದಲ್ಲಿ. ಕೂಳೂರು ಸೇತುವೆಯವರೆಗೆ ಎರಡನೇ ಗೇರಿನ ಪಾಡು. ಪಣಂಬೂರು, ಸುರತ್ಕಲ್ ಕಳೆದು ಮುಕ್ಕದ ಹತ್ತಿರ ರಸ್ತೆ ಬಿಡುವಾಯಿತು. ಐದಕ್ಕೆ ಹಾಕದೆ ನಾಲ್ಕನೇ ಗೇರಿನಲ್ಲೇ, ಆರ್‌ಪಿಎಂ ಎರಡು ಸಾವಿರಕ್ಕಿಂತ ಕೆಳಗೆ ಬೀಳದ ಹಾಗೆ, ಎಪ್ಪತ್ತರ ಆಸುಪಾಸಿನಲ್ಲಿ ಓಡಿಸಿದೆ. ಹಳೆಯಂಗಡಿ ಬಂತು, ಹೋಯಿತು. ಮುಲ್ಕಿ ಪೇಟೆ ದಾಟುವಾಗ ಲೈಟು ತನ್ನಷ್ಟಕ್ಕೆ ಆರಿತು. ಹೆಜಮಾಡಿ ಟೋಲ್ ಬರುವ ಮೊದಲೇ ತಿರುಗಿಸಿದೆವು. ಫಿಲ್ಟರ್ ಉಳಿಯಿತು, ಟೋಲೂ ಉಳಿಯಿತು. ಬದಿಗೆ ನಿಲ್ಲಿಸಿ ಬಾನೆಟ್ ಹತ್ತಿರ ನಿಂತರೆ ಕಾದ ಕಬ್ಬಿಣದ ವಾಸನೆ, ಫ್ಯಾನು ಭರ್ರೆಂದು ತಿರುಗುತ್ತಿತ್ತು.

ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಆಯಿಲ್ ನೋಡುವ ಕಡ್ಡಿ ಎಳೆದೆ. ಆಯಿಲ್ ಮೇಲಿನ ಗುರುತನ್ನು ಒಂದು ಉಗುರಿನಷ್ಟು ದಾಟಿತ್ತು. ಬೆರಳಿಗೆ ಹಚ್ಚಿ ಉಜ್ಜಿದರೆ ಎಣ್ಣೆಗೆ ಇರಬೇಕಾದ ದಪ್ಪ ಇಲ್ಲ; ಮೂಸಿದರೆ ಡೀಸೆಲ್. "ಆಯಿಲ್ ಕಮ್ಮಿಯಾದ್ದು ಕೇಳಿದ್ದೇನೆ, ಜಾಸ್ತಿ ಆಗುದೆಂತದು?" ಅಂದರು ಭಾವ. ಇದು ಅರ್ಥವಾದರೆ ಹೊಸ ಡೀಸೆಲ್ ಕಾರು ಯಾರಿಗೆ ಸರಿ, ಯಾರಿಗೆ ಅಲ್ಲ ಎಂಬುದು ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಹಳೆ ಡೀಸೆಲ್ ಅಲ್ಲ ಇದು

ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ. ಲ್ಯಾಬಿನಲ್ಲಿ ಮಾತ್ರವಲ್ಲ, ರಸ್ತೆಯಲ್ಲಿ ಓಡುವಾಗಲೂ ಹೊಗೆ ಮಿತಿಯೊಳಗೇ ಇರಬೇಕು. ಇದಕ್ಕಾಗಿ ಡೀಸೆಲ್‌ನಲ್ಲಿರುವ ಗಂಧಕವನ್ನು ಹತ್ತು ಲಕ್ಷದಲ್ಲಿ 50 ಪಾಲಿನಿಂದ 10 ಪಾಲಿಗೆ ಇಳಿಸಿದರು. ನಮ್ಮ ಕುತ್ತೆತ್ತೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಿಂದ ಹೊರಡುವುದೂ ಈಗ ಇದೇ ಡೀಸೆಲ್.

ಕಾರಿನೊಳಗೆ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ಸೈಲೆನ್ಸರಿನ ದಾರಿಯಲ್ಲಿ ಡಿಪಿಎಫ್ ಎಂಬ ಜೇನುಗೂಡಿನಂಥ ಫಿಲ್ಟರ್ ಕೂತಿತು. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡುವುದು ಅದರ ಕೆಲಸ. ಹಿಡಿದ ಮಸಿಯನ್ನು ಆಗಾಗ ಸುಡಬೇಕು. ಹೈವೇಯಲ್ಲಿ ಒಂದೇ ಸಮ ಓಡುವಾಗ ಹೊಗೆಯ ಬಿಸಿಗೆ ಮಸಿ ಸ್ವಲ್ಪ ಸ್ವಲ್ಪ ತಾನಾಗಿ ಉರಿದುಹೋಗುತ್ತದೆ. ಅಷ್ಟು ಸಾಲದಿದ್ದರೆ ಕಂಪ್ಯೂಟರ್ ಬೇಕೆಂದೇ ಒಂದಿಷ್ಟು ಹೆಚ್ಚು ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು 600 ಡಿಗ್ರಿಯ ಹತ್ತಿರ ಕಾಯಿಸುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು, ಗಾಡಿ ಓಡುತ್ತಾ ಇರಬೇಕು.

ಭಾವನ ಕಾರು ಈ ಕೆಲಸ ಶುರುಮಾಡಿದಾಗಲೆಲ್ಲ ಆಫೀಸು ಬಂದು ಇಂಜಿನ್ ಆಫ್ ಆಗುತ್ತಿತ್ತು. ಅರೆಬೆಂದ ಮಸಿ ಫಿಲ್ಟರಿನಲ್ಲೇ ಉಳಿಯಿತು. ಉರಿಸಲೆಂದು ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಇಂಜಿನ್ ಆಯಿಲ್‌ಗೆ ಸೇರಿತು. ಕಡ್ಡಿಯಲ್ಲಿ ಕಂಡ "ಜಾಸ್ತಿ ಆಯಿಲ್" ಇದೇ. ತೆಳುವಾದ ಆ ಆಯಿಲ್ ಟರ್ಬೋದ ಬೇರಿಂಗಿಗೆ ಮಾಡುವ ಹಾನಿ ಮೂರ್ನಾಲ್ಕು ವರ್ಷದ ಮೇಲೆ ಬಿಲ್ಲಾಗಿ ಬರುತ್ತದೆ.

ಇದರ ಜೊತೆಗೆ ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ವಾಪಸು ಕಳಿಸುವ ಇಜಿಆರ್ ವಾಲ್ವ್ ಉಂಟು, ಸಾವಿರಾರು ಬಾರ್ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಉಂಟು. ಹಲವು ಕಾರುಗಳಲ್ಲಿ ಹೊಗೆಯ ನಾಕ್ಸ್ (ಸಾರಜನಕದ ಆಕ್ಸೈಡ್) ತಗ್ಗಿಸುವ ಆಡ್‌ಬ್ಲೂ ಎಂಬ ದ್ರಾವಣ ಕೂಡ ಉಂಟು. ಲಾರಿಯವರು ಅದನ್ನು ಯೂರಿಯಾ ಅನ್ನುತ್ತಾರೆ. ಅದರಲ್ಲಿ ಇರುವುದೂ ಶೇ. 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಡೀಸೆಲ್ ಮುಚ್ಚಳದ ಪಕ್ಕ ನೀಲಿ ಮುಚ್ಚಳ ಕಂಡರೆ ನಿಮ್ಮ ಗಾಡಿಗೂ ಅದು ಬೇಕು ಅಂತಲೇ. ಕೆಲವು ಮಾದರಿಗಳಲ್ಲಿ ಅದನ್ನು ತುಂಬಿಸುವ ಜಾಗ ಬೇರೆ ಕಡೆ ಇರುವುದೂ ಉಂಟು, ಆದ್ದರಿಂದ ಶೋರೂಮಿನಲ್ಲಿ ಬಾಯಿಬಿಟ್ಟು ಕೇಳಿ.

ಅಂಗಡಿಯಲ್ಲಿ ಉಳಿದಿರುವುದು ಯಾವುವು

ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋದದ್ದು 2014ರ ಅಕ್ಟೋಬರಿನಲ್ಲಿ. ಪೆಟ್ರೋಲಿಗೂ ಡೀಸೆಲಿಗೂ ಇದ್ದ ದೊಡ್ಡ ಅಂತರ ಅಲ್ಲಿಂದ ಕರಗುತ್ತಾ ಬಂತು. ಬಿಎಸ್6 ಬಂದಾಗ ಸಣ್ಣ ಡೀಸೆಲ್ ಮಾಡಿ ಗಿಟ್ಟುವುದಿಲ್ಲ ಎಂದು ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿತು. ಫೋಕ್ಸ್‌ವ್ಯಾಗನ್, ಸ್ಕೋಡಾ, ರೆನೋ ಕೂಡ ಸಣ್ಣ ಡೀಸೆಲ್ ಬಿಟ್ಟವು. ಫೋರ್ಡ್ ಇಲ್ಲಿ ಕಾರು ಮಾಡುವುದನ್ನೇ ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು. ಹೋಂಡಾ ಡೀಸೆಲ್ 2023ರಲ್ಲಿ ಹೋಯಿತು, ಹ್ಯುಂಡೈ ವರ್ನಾದ ಡೀಸೆಲೂ ಅದೇ ವರ್ಷ.

ಹಾಗಾಗಿ ಸಾಮಾನ್ಯರ ಬಜೆಟ್ಟಿನಲ್ಲಿ ಡೀಸೆಲ್ ಸೆಡಾನ್ ಎಂಬುದೇ ಈಗ ಇಲ್ಲ. ಹ್ಯಾಚ್‌ಬ್ಯಾಕ್‌ನಲ್ಲಿ ಟಾಟಾ ಆಲ್ಟ್ರೋಜ್ ಮಾತ್ರ ಉಳಿಯಿತು. ನಾಲ್ಕು ಮೀಟರಿನೊಳಗೆ ನೆಕ್ಸಾನ್, ವೆನ್ಯೂ, ಸೋನೆಟ್, ಮಹೀಂದ್ರಾ 3ಎಕ್ಸ್‌ಒ, ಬೊಲೆರೊ. ಅದಕ್ಕಿಂತ ಮೇಲೆ ಕ್ರೆಟಾ, ಸೆಲ್ಟೋಸ್, ಕ್ಯಾರೆನ್ಸ್, ಹ್ಯಾರಿಯರ್, ಸಫಾರಿ, ಸ್ಕಾರ್ಪಿಯೊ ಎನ್, ಥಾರ್ ರಾಕ್ಸ್, ಇನ್ನೋವಾ ಕ್ರಿಸ್ಟಾ, ಫಾರ್ಚುನರ್. ಒಟ್ಟಿನಲ್ಲಿ ಡೀಸೆಲ್ ಬೇಕೆಂದರೆ ಎಸ್‌ಯುವಿಯೋ ಏಳು ಸೀಟಿನದ್ದೋ ಆಗಬೇಕು, ಅದನ್ನು ಮಾಡುವ ಕಂಪನಿಗಳೂ ಕೈಬೆರಳಿನಲ್ಲಿ ಎಣಿಸುವಷ್ಟು.

ಇದರಲ್ಲಿ ನನಗೆ ಒಂದು ಸಮಾಧಾನವೂ ಕಾಣುತ್ತದೆ. ಉಳಿದ ಇಂಜಿನ್‌ಗಳು ಲಕ್ಷಗಟ್ಟಲೆ ಓಡುತ್ತಿರುವಂಥವು. ಹ್ಯುಂಡೈ–ಕಿಯಾದ 1.5, ಮಹೀಂದ್ರಾದ 2.2, ಹ್ಯಾರಿಯರಿನ ಫಿಯೆಟ್ ಮೂಲದ 2.0: ಇವುಗಳ ಬಿಡಿಭಾಗ ಹತ್ತು ವರ್ಷದ ಮೇಲೂ ಸಿಗದೆ ಹೋಗುವ ಸಂಭವ ಕಡಿಮೆ. ಚೆನ್ನಾಗಿದೆ ಎಂದು ಕಡಿಮೆ ಮಾರಾಟವಾದ ಡೀಸೆಲನ್ನು ತೆಗೆದುಕೊಂಡವರ ಪಾಡು ಬೇರೆ. ಒಂದು ಸೆನ್ಸರಿಗಾಗಿ ಗಾಡಿ ಮೂರು ವಾರ ಶೆಡ್ಡಿನಲ್ಲಿ ನಿಂತದ್ದನ್ನು ಕಂಡಿದ್ದೇನೆ.

ನಿಮ್ಮ ದಿನದ ದಾರಿ ಯಾವುದು

ಶೋರೂಮಿನವರು ಕೇಳುವ ಮೊದಲ ಪ್ರಶ್ನೆ "ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಸರ್?" ನಾನಾದರೆ ಬೇರೆ ಕೇಳುತ್ತೇನೆ: ಒಮ್ಮೆ ಸ್ಟಾರ್ಟ್ ಮಾಡಿದರೆ ಎಷ್ಟು ನಿಮಿಷ ನಿಲ್ಲದೆ ಓಡುತ್ತೀರಿ? ತಿಂಗಳಿಗೆ ಸಾವಿರ ಕಿಲೋಮೀಟರ್ ಎರಡು ರೀತಿಯಲ್ಲಿ ಆಗಬಹುದು. ನಂತೂರು, ಜ್ಯೋತಿ, ಪಂಪ್‌ವೆಲ್ ಎಂದು ನೂರು ಸಲ ಹತ್ತು ಹತ್ತು ಕಿಲೋಮೀಟರ್ ತೆವಳಿದರೂ ಸಾವಿರ. ವಾರಕ್ಕೆರಡು ಸಲ ಮಂಗಳೂರಿನಿಂದ ಉಡುಪಿಗೆ ಹೋಗಿ ಬಂದರೂ ಸಾವಿರದ ಹತ್ತಿರ. ಡಿಪಿಎಫ್‌ಗೆ ಮೊದಲನೆಯದು ಕಾಯಿಲೆ, ಎರಡನೆಯದು ಮದ್ದು.

ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬದುಕುವವರಿಗೆ ಈ ವಿಷಯದಲ್ಲಿ ಅದೃಷ್ಟ ಉಂಟು. ಕಾಪು, ಪಡುಬಿದ್ರಿ, ಬ್ರಹ್ಮಾವರ, ಕೋಟದ ಕಡೆ ಮನೆ, ಕೆಲಸ ಬೈಕಂಪಾಡಿಯಲ್ಲೋ ಕುಂದಾಪುರದಲ್ಲೋ ಆದರೆ ಡೀಸೆಲ್ ತೆಗೆದುಕೊಳ್ಳಿ, ಯೋಚನೆ ಬೇಡ. ನಾನು ಕಾಪುವಿನಿಂದ ಮಂಗಳೂರಿಗೆ ದಿನವೂ ಓಡುವವನು. ನನ್ನ ಹಳೆ ಬಿಎಸ್4 (ಬಿಎಸ್6ಕ್ಕಿಂತ ಹಿಂದಿನ ನಿಯಮದ) ಸ್ವಿಫ್ಟಿನ ಮೀಟರ್ 1,90,000 ದಾಟಿದೆ. ಕ್ಲಚ್ ಒಮ್ಮೆ, ಸಸ್ಪೆನ್ಷನ್ ಎರಡು ಸಲ (ರಸ್ತೆಯ ಕೃಪೆ) ಬಿಟ್ಟರೆ ಇಂಜಿನ್ನಿಗೆ ಕೈ ಹಾಕಿಲ್ಲ. ಇದೇ ದಾರಿಗೆ ಬಿಎಸ್6 ಡೀಸೆಲ್ ತಂದರೂ ಫಿಲ್ಟರಿನ ಲೈಟನ್ನು ನಾನು ಕಾಣಲಿಕ್ಕಿಲ್ಲ.

ಮಣಿಪಾಲದಲ್ಲಿ ಮನೆ, ಉಡುಪಿಯಲ್ಲಿ ಕೆಲಸ ಇರುವವರು ಮೋಸ ಹೋಗುವುದು ಸುಲಭ. ರಸ್ತೆ ಅಗಲ ಇದೆ, ಗಾಡಿ ಓಡಿದ ಹಾಗೆ ಕಾಣುತ್ತದೆ. ಆದರೆ ಟೈಗರ್ ಸರ್ಕಲ್‌ನಿಂದ ಕಲ್ಸಂಕಕ್ಕೆ ಐದಾರು ಕಿಲೋಮೀಟರ್. ಇಂಜಿನ್ ಸರಿಯಾಗಿ ಬಿಸಿಯಾಗುವುದರೊಳಗೆ ಪಾರ್ಕಿಂಗ್ ಹುಡುಕುತ್ತಿರುತ್ತೀರಿ. ಇವರಿಗೆ ಡೀಸೆಲ್ ಬೇಡ.

ಘಾಟಿಯ ಮಾತು ಬೇರೆ. ಪುತ್ತೂರು, ಸುಳ್ಯ, ಬೆಳ್ತಂಗಡಿ, ಹೆಬ್ರಿಯವರಿಗೆ ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ ಯಾವುದಾದರೂ ಒಂದು ಹತ್ತಲೇಬೇಕು. ಇಲ್ಲಿ ಕಾಗದದ ಮೇಲಿನ ಒಂದು ಲೆಕ್ಕ ನೋಡಿ: ಕ್ರೆಟಾದ 1.5 ಸಾದಾ ಪೆಟ್ರೋಲಿಗೂ 1.5 ಡೀಸೆಲಿಗೂ ಪಿಎಸ್ (ಅಶ್ವಶಕ್ತಿ) ಹೆಚ್ಚುಕಡಿಮೆ ಒಂದೇ, 115 ಮತ್ತು 116. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಮಾತ್ರ 144 ಎನ್‌ಎಂ ಎದುರು 250. ಪೆಟ್ರೋಲಿನ 144 ಸಿಗಬೇಕಾದರೆ ಇಂಜಿನ್ 4,500 ಆರ್‌ಪಿಎಂ ಕೂಗಬೇಕು. ಡೀಸೆಲಿನ 250 ಸಿಗುವುದು 1,500ರಲ್ಲೇ. ಆಗುಂಬೆಯ 14 ತಿರುವುಗಳಲ್ಲಿ ಐದು ಜನ ಕೂತು, ಡಿಕ್ಕಿಯಲ್ಲಿ ಹಲಸಿನಕಾಯಿ, ತೆಂಗಿನಕಾಯಿ ಹೇರಿ, ಎದುರಿನಿಂದ ಬಸ್ಸು ಬಂತೆಂದು ನಿಂತು ಮತ್ತೆ ಎತ್ತುವಾಗ ಈ ಅಂಕಿ ಕಾಲಿಗೆ ಗೊತ್ತಾಗುತ್ತದೆ. ಟರ್ಬೋ ಪೆಟ್ರೋಲ್ ಸಹ ಇಲ್ಲಿ ಸೋಲುವುದಿಲ್ಲ, ಆದರೆ ಘಾಟಿಯಲ್ಲಿ ಅದು ಕುಡಿಯುವ ಪೆಟ್ರೋಲ್ ನೋಡಿದರೆ ಮುಖ ಸಣ್ಣದಾಗುತ್ತದೆ.

ಇನ್ನೊಂದು ವರ್ಗ ನಮ್ಮಲ್ಲೇ ಹೆಚ್ಚು: ಮಗ ದುಬೈಯಲ್ಲೋ ಮಸ್ಕತ್ತಿನಲ್ಲೋ, ಕಾರು ಊರ ಮನೆಯ ಶೆಡ್ಡಿನಲ್ಲಿ. ಅಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಟ್ಟು ಆಫ್ ಮಾಡುತ್ತಾರೆ. ಮನಸ್ಸಿನಲ್ಲಿ ಕಾರಿಗೆ ಒಳ್ಳೆಯದು ಮಾಡಿದ ಹಾಗೆ. ಬಿಎಸ್6 ಡೀಸೆಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ನಿಂತು ಉರಿದ ಹತ್ತು ನಿಮಿಷದ ಮಸಿಯೆಲ್ಲ ಫಿಲ್ಟರಿಗೆ. ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆ ಹೈವೇಗೆ ಹೋಗಿ ಬನ್ನಿ, ಆಗದಿದ್ದರೆ ಬ್ಯಾಟರಿ ವಯರ್ ಬಿಚ್ಚಿಟ್ಟು ಸುಮ್ಮನಿರಿ.

ದುಡ್ಡಿನ ಲೆಕ್ಕ

ಪೆಟ್ರೋಲ್ ಲೀಟರಿಗೆ 102, ಡೀಸೆಲ್ 90 ಎಂದು ಹಿಡಿಯೋಣ. ಬಂಕಿನ ಬೋರ್ಡ್ ನೋಡಿ ನಿಮ್ಮ ದಿನದ ರೇಟು ಹಾಕಿಕೊಳ್ಳಿ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲೂ 2025ರ ಏಪ್ರಿಲ್‌ನಲ್ಲೂ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದ ಮೇಲೂ ಕೇರಳಕ್ಕಿಂತ ಇಲ್ಲಿ ಅಗ್ಗ. ಹಾಗಾಗಿಯೇ ತಲಪಾಡಿಯ ಈಚೆಗಿನ ಬಂಕುಗಳಲ್ಲಿ ಕಾಸರಗೋಡಿನ ಗಾಡಿಗಳು.

ಪೆಟ್ರೋಲ್ ಎಸ್‌ಯುವಿ ಲೀಟರಿಗೆ 15, ಡೀಸೆಲ್ 19 ಕೊಟ್ಟರೆ ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು 6.80 ರೂಪಾಯಿ, ಡೀಸೆಲಿನದ್ದು 4.74. ಉಳಿತಾಯ ಎರಡು ರೂಪಾಯಿ ಚಿಲ್ಲರೆ. ಡೀಸೆಲ್ ಮಾದರಿಗೆ ಶೋರೂಮಿನಲ್ಲಿ ಒಂದೂವರೆ ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಅದರ ಮೇಲೆ ಲೈಫ್ ಟ್ಯಾಕ್ಸೂ ಬೀಳುತ್ತದೆ: ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ. 17. ಅಲ್ಲಿಗೆ 1,75,500. ಇದನ್ನು ಎರಡು ರೂಪಾಯಿಯಿಂದ ಭಾಗಿಸಿದರೆ ಸುಮಾರು 88,000 ಕಿಲೋಮೀಟರ್ ಓಡಿದ ಮೇಲೆ ಅಸಲು ವಾಪಸು. ವರ್ಷಕ್ಕೆ 25,000 ಓಡಿಸುವವರಿಗೆ ಮೂರೂವರೆ ವರ್ಷ, ಭಾವನಂಥವರಿಗೆ ಆ ಕಾರಿನ ಆಯಸ್ಸಿನಲ್ಲೇ ಇಲ್ಲ.

ಟ್ಯಾಕ್ಸಿನಲ್ಲಿ ಒಂದು ಗುಂಡಿ ಉಂಟು, ಯಾರೂ ಮೊದಲೇ ಹೇಳುವುದಿಲ್ಲ. 5ರಿಂದ 10 ಲಕ್ಷದವರೆಗೆ ಶೇ. 14, ಹತ್ತು ದಾಟಿದರೆ ಪೂರ್ತಿ ಬೆಲೆಯ ಮೇಲೆ 17. ಪೆಟ್ರೋಲ್ ಮಾದರಿ 9.6 ಲಕ್ಷ, ಅದೇ ಕಾರಿನ ಡೀಸೆಲ್ 10.8 ಲಕ್ಷ ಎಂದಾದರೆ ಟ್ಯಾಕ್ಸು 1,34,400 ಇದ್ದದ್ದು 1,83,600ಕ್ಕೆ ಹಾರುತ್ತದೆ. ಸೆಸ್ ಬೇರೆ. ಸಣ್ಣ ಎಸ್‌ಯುವಿ ಕೊಳ್ಳುವವರು ಈ ಗೆರೆಯ ಹತ್ತಿರವೇ ಓಡಾಡುತ್ತಿರುತ್ತಾರೆ, ಆದ್ದರಿಂದ ಎಕ್ಸ್‌ಶೋರೂಮ್ ಬೆಲೆ ಬಿಟ್ಟು ಆನ್‌ರೋಡ್ ಬೆಲೆಯನ್ನೇ ಪಕ್ಕಪಕ್ಕ ಇಟ್ಟು ನೋಡಬೇಕು.

2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ ಸಣ್ಣ ಡೀಸೆಲಿಗೂ ಅನುಕೂಲ ಮಾಡಿತು. ನಾಲ್ಕು ಮೀಟರಿನೊಳಗಿನ, 1,500 ಸಿಸಿ ಮೀರದ ಡೀಸೆಲ್ ಕಾರಿಗೆ ಈಗ ಶೇ. 18, ಮೊದಲು ಸೆಸ್ ಸೇರಿ 31 ಇತ್ತು. ಅದಕ್ಕಿಂತ ದೊಡ್ಡದಕ್ಕೆಲ್ಲ 40.

ಪೆಟ್ರೋಲ್, ಸಿಎನ್‌ಜಿ, ಹೈಬ್ರಿಡ್, ಕರೆಂಟು

ಸಾದಾ ಪೆಟ್ರೋಲ್ ಕಾರಿನ ದೊಡ್ಡ ಗುಣ ಅದು ಏನನ್ನೂ ಕೇಳುವುದಿಲ್ಲ ಎಂಬುದು. ಹತ್ತು ನಿಮಿಷ ಓಡಿಸಿ, ಎರಡು ಗಂಟೆ ಓಡಿಸಿ, ಮುಖ ಗಂಟು ಹಾಕುವುದಿಲ್ಲ. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಮೈಲೇಜು ಸ್ವಲ್ಪ ಇಳಿಯುತ್ತದೆ. ಎಥೆನಾಲ್ ನೀರಿನ ಪಸೆ ಹೀರುವಂಥದ್ದು, ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ಅದಕ್ಕೆ ಬರವಿಲ್ಲ, ಹಾಗಾಗಿ ಅರ್ಧ ಟ್ಯಾಂಕ್ ಪೆಟ್ರೋಲಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಸಿಎನ್‌ಜಿ ನಮ್ಮೂರಿಗೆ ಬಂದದ್ದು ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾದ ಆಸುಪಾಸಿನಲ್ಲಿ. ಪೇಟೆಯೊಳಗೇ ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಸುತ್ತುವವರಿಗೆ ಖರ್ಚಿನಲ್ಲಿ ಇದನ್ನು ಸೋಲಿಸುವ ಡೀಸೆಲ್ ಇಲ್ಲ. ಆದರೆ ಬಂಕಿನಲ್ಲಿ ಆಟೋಗಳ ಹಿಂದೆ ಕ್ಯೂ ನಿಲ್ಲುವ ತಾಳ್ಮೆ ಬೇಕು, ಘಾಟಿಯಲ್ಲಿ ಪಿಕಪ್ ಇಲ್ಲ ಎಂದು ಕೊರಗಬಾರದು.

ಹೈಬ್ರಿಡ್ ನಿಜವಾಗಿ ಡೀಸೆಲಿನ ಜಾಗಕ್ಕೆ ಬಂದ ಗಾಡಿ. ಇನ್ನೋವಾದಲ್ಲೇ ಎರಡೂ ಸಿಗುವುದರಿಂದ ಹೋಲಿಸುವುದು ಸುಲಭ. ಕ್ರಿಸ್ಟಾ ಡೀಸೆಲ್, ಮ್ಯಾನುವಲ್ ಮಾತ್ರ. ಹೈಕ್ರಾಸ್ ಪೆಟ್ರೋಲ್ ಹೈಬ್ರಿಡ್, ಆಟೊಮ್ಯಾಟಿಕ್. ಹೈಕ್ರಾಸ್ ಪೇಟೆಯ ಟ್ರಾಫಿಕ್ಕಿನಲ್ಲಿಯೇ ಹೆಚ್ಚು ಮೈಲೇಜ್ ಕೊಡುತ್ತದೆ, ಯಾಕೆಂದರೆ ನಿಂತು ಹೊರಡುವಾಗಿನ ಕೆಲಸ ಬ್ಯಾಟರಿಯದ್ದು. ಅದಕ್ಕೆ ಡಿಪಿಎಫ್ ಇಲ್ಲ, ಯೂರಿಯಾ ಇಲ್ಲ. ಹಾಗಿದ್ದೂ ಧರ್ಮಸ್ಥಳ, ಕುಕ್ಕೆ, ಹೊರನಾಡು, ಕೊಲ್ಲೂರು ಎಂದು ಯಾತ್ರಿಕರನ್ನು ಸುತ್ತಿಸುವ ಟ್ಯಾಕ್ಸಿಯವರು ಕ್ರಿಸ್ಟಾ ಬಿಡುವುದಿಲ್ಲ. ಅವರಲ್ಲಿ ಒಬ್ಬರನ್ನು ಕೇಳಿದೆ. "ಹೈಕ್ರಾಸ್ ಲಾಯ್ಕ್ ಉಂಟು ಸಾರ್. ಆದ್ರೆ ಇದು ಮೂರು ಲಕ್ಷ ಓಡ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ, ಅದು ಓಡ್ತದೆ ಅಂತ ಕೇಳಿದ್ದೇನೆ ಅಷ್ಟೆ."

ಇನ್ನು ಕರೆಂಟಿನ ಕಾರು. ಮನೆಯ ಅಂಗಳದಲ್ಲೋ ಅಪಾರ್ಟ್‌ಮೆಂಟಿನ ಸ್ವಂತ ಪಾರ್ಕಿಂಗಿನಲ್ಲೋ ಚಾರ್ಜರ್ ಹಾಕಿಸುವ ಅವಕಾಶ ಇರುವ ಪೇಟೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡೀಸೆಲನ್ನು ಕೊಲ್ಲುವ ಐದು ಕಿಲೋಮೀಟರಿನ ಓಟವೇ ಇದಕ್ಕೆ ಸಲೀಸು. ಘಾಟಿ ಹತ್ತುವಾಗ ಖಾಲಿಯಾದದ್ದರಲ್ಲಿ ಸ್ವಲ್ಪ ಭಾಗ ಇಳಿಯುವಾಗ ವಾಪಸು ತುಂಬಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ. ಆದರೆ ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ, ಅದೂ ರಾತ್ರಿ ಹೊರಟು 350 ಕಿಲೋಮೀಟರ್ ಒಂದೇ ಉಸಿರಿಗೆ ಹೋಗುವವರು, ಮಳೆಗಾಲದಲ್ಲಿ ಶಿರಾಡಿ ಬಂದ್ ಆಗಿ ಚಾರ್ಮಾಡಿಗೆ ತಿರುಗಬೇಕಾದಾಗ ಎಷ್ಟು ಪರ್ಸೆಂಟ್ ಉಳಿದಿದೆ ಎಂದು ಎಣಿಸುವವರಾದರೆ, ಅವರಿಗೆ ಡೀಸೆಲೇ ನೆಮ್ಮದಿ.

ಹತ್ತು ವರ್ಷ ಇಟ್ಟುಕೊಳ್ಳುವುದಾದರೆ

ಡೀಸೆಲ್ ಕೊಂಡದ್ದಾಯಿತು ಎನ್ನೋಣ. ಇಲ್ಲಿಂದ ಮುಂದೆ ಅದರ ಆಯಸ್ಸು ಇರುವುದು ಬಹುಪಾಲು ಆಯಿಲ್‌ನಲ್ಲಿ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಆ ಬೂದಿ ಬರುವುದು ಇಂಜಿನ್ ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕಗಳಿಂದ. ಹಾಗಾಗಿ ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಇರುವ ಆಯಿಲೇ ಬೇಕು. ಡಬ್ಬಿಯ ಹಿಂದೆ ಎಸಿಇಎ ಸಿ2, ಸಿ3 ಎಂದೆಲ್ಲ ಬರೆದಿರುತ್ತದೆ, ನಿಮ್ಮ ಕೈಪಿಡಿಯಲ್ಲಿ ಹೇಳಿದ್ದೇ ಆಗಬೇಕು. ವಾರಂಟಿ ಮುಗಿದ ಮೇಲೆ ಪಕ್ಕದ ಗ್ಯಾರೇಜಿನಲ್ಲಿ ಬೊಲೇರೊಗೂ ಪಿಕಪ್ಪಿಗೂ ಹಾಕುವ ಅದೇ ಡ್ರಮ್ಮಿನ ಆಯಿಲ್ ಹಾಕಿಸಿ ಎರಡು ಸಾವಿರ ಉಳಿಸಿದವರು ಫಿಲ್ಟರಿನ ಬೆಲೆ ಕೇಳಿ ಕೂತುಬಿಡುತ್ತಾರೆ. ಓಡಾಟ ಪೇಟೆಯೊಳಗೇ ಹೆಚ್ಚಿದ್ದರೆ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಆಯಿಲ್ ಬದಲಾಯಿಸಿ.

ಡಿಪಿಎಫ್‌ನ ಹೊಟ್ಟೆ ಸೀಳಿ ಖಾಲಿ ಮಾಡಿ, ಕಂಪ್ಯೂಟರಿಗೂ ಸುಳ್ಳು ಹೇಳಿಸಿ ಕೊಡುತ್ತೇವೆ ಎನ್ನುವವರು ಇದ್ದಾರೆ. ಕಾನೂನುಬಾಹಿರ, ವಾರಂಟಿ ಹೋಗುತ್ತದೆ, ನಾಳೆ ಮಾರುವಾಗ ತಿಳಿದವನು ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ಮಸಿ ನೋಡಿಯೇ ಹಿಡಿಯುತ್ತಾನೆ.

ಆಡ್‌ಬ್ಲೂ ಸಾಧಾರಣ ಸಾವಿರ ಕಿಲೋಮೀಟರಿಗೆ ಒಂದು ಲೀಟರಿನ ಆಸುಪಾಸು ಖರ್ಚಾಗುತ್ತದೆ. ಪೂರ್ತಿ ಖಾಲಿಯಾಗಲು ಬಿಟ್ಟರೆ ಹಲವು ಗಾಡಿಗಳು ಮತ್ತೆ ಸ್ಟಾರ್ಟೇ ಆಗುವುದಿಲ್ಲ, ಆದ್ದರಿಂದ ಮೊದಲ ಎಚ್ಚರಿಕೆಗೇ ತುಂಬಿಸಿ. ಬಿಸಿಗೆ ಅದು ಬೇಗ ಹಾಳಾಗುವುದರಿಂದ ತಗಡಿನ ಶೆಡ್ಡಿನಲ್ಲಿ ವರ್ಷದ ಕ್ಯಾನ್ ಕೂಡಿಡಬೇಡಿ. ಅಡಿಕೆ ತೋಟಕ್ಕೆ ತಂದ ಯೂರಿಯಾ ಕರಗಿಸಿ ಹಾಕಬಹುದಾ ಎಂದು ಸುಳ್ಯದ ಮಾವನೊಬ್ಬರು ಗಂಭೀರವಾಗಿಯೇ ಕೇಳಿದ್ದರು. ಖಂಡಿತ ಬೇಡ.

ಕರಾವಳಿಯ ಖರ್ಚು ಬೇರೆಯೇ ಉಂಟು. ಉಪ್ಪುಗಾಳಿ ಅಡಿಭಾಗವನ್ನು ತಿನ್ನುತ್ತದೆ, ಅದರಲ್ಲೂ ಸೈಲೆನ್ಸರಿನ ಹಿಡಿಕೆಗಳು, ಸೆನ್ಸರಿನ ಕನೆಕ್ಟರುಗಳು. ಹೊಸ ಡೀಸೆಲಿನ ಹೊಗೆಯ ದಾರಿಯಲ್ಲಿ ಬಿಸಿ ಅಳೆಯುವುದು, ಒತ್ತಡ ಅಳೆಯುವುದು, ನಾಕ್ಸ್ ಅಳೆಯುವುದು ಎಂದು ಸೆನ್ಸರುಗಳ ಸಾಲೇ ಇದೆ. ಒಂದು ಕೈಕೊಟ್ಟರೂ ಫಿಲ್ಟರಿನ ಮಸಿ ಸುಡುವ ಕೆಲಸ ನಿಲ್ಲಬಹುದು. ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಗಾಡಿಯನ್ನು ಲಿಫ್ಟಿಗೆ ಹಾಕಿ ಕೆಳಗೆ ಸಿಹಿನೀರಿನಲ್ಲಿ ತೊಳೆಸಿ, ಕಣ್ಣಾರೆ ನೋಡಿ. ಇಲಿಯೂ ಮಳೆಗೆ ಬೆಚ್ಚಗೆಂದು ಬಾನೆಟ್ಟಿನೊಳಗೇ ಬರುತ್ತದೆ, ವಯರ್ ಕಡಿಯುತ್ತದೆ. ಪಡೀಲ್, ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ "ಡೀಸೆಲ್ ಅಲ್ವಾ, ಹೋಗ್ತದೆ" ಎಂದು ನುಗ್ಗಿಸಬೇಡಿ. ಗಾಳಿ ಎಳೆಯುವ ಕೊಳವೆಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇನ್ಶೂರೆನ್ಸಿನಲ್ಲಿ ಇಂಜಿನ್ ಪ್ರೊಟೆಕ್ಷನ್ ಸೇರಿಸಿರದಿದ್ದರೆ ಅದು ಪೂರ್ತಿ ನಿಮ್ಮ ಕೈಯಿಂದಲೇ.

ಡೀಸೆಲ್ ಬ್ಯಾನ್ ಆಗುತ್ತದಂತೆ ಎಂಬ ಹೆದರಿಕೆಗೆ ಎರಡು ಮಾತು. ದೆಹಲಿ ಸುತ್ತಮುತ್ತ ಡೀಸೆಲ್ ಗಾಡಿಗೆ 10 ವರ್ಷದ ಮಿತಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು. ಅದು ಅಲ್ಲಿಯ ಮಾತು, ಕರ್ನಾಟಕದ್ದಲ್ಲ. ಇಲ್ಲಿ ಆರ್‌ಸಿ 15 ವರ್ಷಕ್ಕೆ; ಆಮೇಲೆ ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. 2023ರಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಸಮಿತಿಯೊಂದು ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ 2027ರೊಳಗೆ ಡೀಸೆಲ್ ಕಾರು ನಿಲ್ಲಿಸಿ ಎಂದಿತು. ಅದು ಶಿಫಾರಸು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ

ನನಗೆ ಇಲ್ಲಿ ಬಿಎಸ್4 ಕಡೆಗೇ ಒಲವು, ಮುಚ್ಚಿಡುವುದಿಲ್ಲ. 2017ರಿಂದ 2020ರ ನಡುವಿನ ಸ್ವಿಫ್ಟ್, ಬ್ರೆಝಾ, ಡಿಸೈರ್ ಡೀಸೆಲ್ಲುಗಳ 1.3 ಇಂಜಿನ್ನಿಗೆ ಡಿಪಿಎಫ್ ಗೋಜಿಲ್ಲ, ಮೂಡುಬಿದಿರೆಯಿಂದ ಬೈಂದೂರಿನವರೆಗೆ ಯಾವ ಮೆಕ್ಯಾನಿಕ್ಕೂ ಕಣ್ಣುಮುಚ್ಚಿ ಬಿಚ್ಚಿ ಕಟ್ಟುತ್ತಾನೆ. ಆದರೆ 2020ರಲ್ಲಿ ನೋಂದಣಿಯಾದದ್ದಕ್ಕೂ 2035ಕ್ಕೆ ಹದಿನೈದು ತುಂಬುತ್ತದೆ ಎಂಬುದನ್ನು ಬೆಲೆ ಕಟ್ಟುವಾಗ ನೆನಪಿಡಿ.

ದೆಹಲಿಯಿಂದ ಬಂದ ಅಗ್ಗದ ಡೀಸೆಲ್ ಎಂದು ತೋರಿಸಿದರೆ ಎನ್‌ಒಸಿ, ಇಲ್ಲಿಯ ಮರುನೋಂದಣಿ, ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸ್ ಎಲ್ಲ ಕೂಡಿಸಿ ಆಮೇಲೆ ಅಗ್ಗವಾ ಎಂದು ನೋಡಿ.

ಬಿಎಸ್6 ಡೀಸೆಲ್ ಆದರೆ ಮಾರುವವರ ಮನೆ ಎಲ್ಲಿ, ಆಫೀಸು ಎಲ್ಲಿ ಎಂದು ಮಾತಿನ ನಡುವೆ ಕೇಳಿ. ಐದು ವರ್ಷಕ್ಕೆ ಬರೀ ಇಪ್ಪತ್ತು ಸಾವಿರ ಓಡಿದ, ಫಳಫಳ ಹೊಳೆಯುವ ಡೀಸೆಲಿಗಿಂತ ಕುಂದಾಪುರದಿಂದ ದಿನಾ ಉಡುಪಿಗೆ ಓಡಿ ಲಕ್ಷ ದಾಟಿದ್ದು ಒಳ್ಳೆಯದಿರಬಹುದು. ಸ್ಕ್ಯಾನರ್ ಹಾಕಿಸಿ ಫಿಲ್ಟರಿನಲ್ಲಿ ಎಷ್ಟು ಮಸಿ, ಎಷ್ಟು ಬೂದಿ, ಕೊನೆಯ ಸಲ ಸುಟ್ಟದ್ದು ಎಷ್ಟು ಕಿಲೋಮೀಟರ್ ಹಿಂದೆ ಎಂದು ಓದಿಸಿ. ಆಯಿಲ್ ಬಿಲ್ಲುಗಳನ್ನು ಕೇಳಿ. ಬೆಳಿಗ್ಗೆಯೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿದ್ದರೆ ಕಡ್ಡಿ ಎಳೆದು ಆಯಿಲ್ ಮೂಸಿ, ಆಮೇಲೆ ಸ್ಟಾರ್ಟ್ ಮಾಡಿಸಿ. ನೀವು ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಚಾ ಕುಡಿದು, ನಾಳೆ ಬರ್ತೇನೆ ಅಂತ ಹೇಳಿ ಎದ್ದು ಬನ್ನಿ.